ಎಡಕ್ಕೆ ತಿರುಗಿದ ಮೀನು

ಹಳೆಯ ಪೆಟ್ಟಿಗೆಗೆ ಹೊಸ ಮರ ಹಾಕಿದರೆ ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಬೇಕು: ಏನು ಹೊಸದು, ಯಾರು ಹಾಕಿದ್ದು, ಯಾವ ವರ್ಷ. ಮೇಷ್ಟ್ರು ನನಗೆ ಕಲಿಸಿದ ಮೊದಲ ಪಾಠ ಇದು. "ಪೆಟ್ಟಿಗೆಗೆ ಬಾಯಿಲ್ಲ ಕಣಮ್ಮ. ಅದಕ್ಕೇ ಅದರ ಹತ್ತಿರ ಸುಳ್ಳು ಹೇಳಿಸೋದು ಬಲು ಸುಲಭ," ಎಂದಿದ್ದರು.

ಮೇಷ್ಟ್ರು ಶಾಲೆಯಲ್ಲಿ ಮೂವತ್ತು ವರ್ಷ ಮರಗೆಲಸ ಕಲಿಸಿ ನಿವೃತ್ತರಾದವರು. ಯುದ್ಧಕಾಲದ ಮದ್ದುಗುಂಡಿನ ಮರದ ಪೆಟ್ಟಿಗೆಗಳನ್ನು ಹುಡುಕಿ ತಂದು, ರಿಪೇರಿ ಮಾಡಿ, ಮಕ್ಕಳಂತೆ ಸಾಕುವ ಏಳೆಂಟು ಹುಚ್ಚರು ಈ ಊರಿನಲ್ಲಿದ್ದೇವೆ. ಅವರೇ ನಮ್ಮೆಲ್ಲರಿಗೂ ಗುರು. ಗುಂಪಿನಲ್ಲಿ ಹೆಂಗಸು ನಾನೊಬ್ಬಳೇ. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತೇನೆಂದು ನನ್ನನ್ನು 'ಇಸ್ತ್ರಿ' ಎಂದೇ ಕರೆಯುತ್ತಾರೆ. ದಿನಕ್ಕೆ ನಾನೂರು ಬೆಡ್‌ಶೀಟು ನನ್ನ ಕೈಯಲ್ಲಿ ಹಾದುಹೋಗುತ್ತವೆ. ಹೊಸ ಶೀಟು ಬಂದರೆ ಅದರ ಮೂಲೆಗೆ ವಾರ್ಡಿನ ರಬ್ಬರ್ ಮುದ್ರೆ ಒತ್ತುವುದೂ ನನ್ನದೇ ಕೆಲಸ. ಈ ಮುದ್ರೆಯ ವಿಷಯ ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ, ಅದಕ್ಕೇ ಇಷ್ಟೆಲ್ಲ ಆಯಿತು.

"ಬೇರೆಯವರ ಹೆಂಡ್ತೀರು ಒಡವೆ ಪೆಟ್ಟಿಗೆ ಕೇಳ್ತಾರೆ. ನನ್ನವಳಿಗೆ ಗುಂಡಿನ ಪೆಟ್ಟಿಗೆ," ಎಂದು ನನ್ನ ಗಂಡ ಬಸ್ ಡಿಪೋದಲ್ಲಿ ಎಲ್ಲರಿಗೂ ಹೇಳಿಕೊಂಡು ನಗುತ್ತಾನೆ. ನಗಲಿ. ಎಂಟು ಗಂಟೆ ಉಗಿಯಲ್ಲಿ ನಿಂತು ಬಂದು, ಅಡುಗೆ ಮುಗಿಸಿ, ಇಬ್ಬರು ಮಕ್ಕಳ ಲೆಕ್ಕ-ವಿಜ್ಞಾನ ಎಲ್ಲ ಆದಮೇಲೆ, ಹಿತ್ತಲ ಶೆಡ್ಡಿನಲ್ಲಿ ಒಂದು ಅರ್ಧ ಗಂಟೆ ಸಿಕ್ಕರೆ ನನಗೆ ಅದೇ ತವರುಮನೆ. ಆದರೆ ನಾನು ಈ ಹುಚ್ಚಿಗೆ ಬಿದ್ದದ್ದು ಮರದ ಮೇಲಿನ ಪ್ರೀತಿಗಲ್ಲ. ಅಜ್ಜಿಯ ಮೀನಿಗಾಗಿ.

ನನ್ನ ಅಮ್ಮನ ಅವ್ವ ಯುದ್ಧದ ದಿನಗಳಲ್ಲಿ ಪೆಟ್ಟಿಗೆ ಕಾರ್ಖಾನೆಯಲ್ಲಿ ತಪಾಸಣೆ ಮಾಡುವವಳಾಗಿದ್ದಳು. ತಯಾರಾದ ಪೆಟ್ಟಿಗೆಯನ್ನು ಮಗುಚಿ, ತಳ ತಟ್ಟಿ, ಮೊಳೆ ನೋಡಿ, ಗಟ್ಟಿ ಇದೆ ಅನ್ನಿಸಿದರೆ ಹಗ್ಗದ ಹಿಡಿಯ ಪಕ್ಕ ಸುತ್ತಿಗೆಯಿಂದ ತನ್ನ ಅಚ್ಚು ಹೊಡೆಯುವುದು. ಓದು ಬರಹ ಬಾರದ ಹೆಂಗಸರೇ ಹೆಚ್ಚಿದ್ದುದರಿಂದ ಒಬ್ಬೊಬ್ಬಳಿಗೂ ಒಂದೊಂದು ಚಿತ್ರ ಕೊಟ್ಟಿದ್ದರಂತೆ. ಒಬ್ಬಳಿಗೆ ಎಲೆ, ಒಬ್ಬಳಿಗೆ ಚಂದ್ರ. ಅಜ್ಜಿಗೆ ಮೀನು. ಒಂದು ದಿನ ರೈಲ್ವೆ ಯಾರ್ಡಿನಲ್ಲಿ ಪೆಟ್ಟಿಗೆ ಎತ್ತುವಾಗ ಒಂದರ ತಳ ಕಳಚಿ ಬಿದ್ದು, ಸಿಡಿದು, ಇಬ್ಬರು ಕೂಲಿಯವರು ಸತ್ತರು. ಅದರ ಮೇಲೆ ಮೀನಿತ್ತು ಎಂದು ಯಾರೋ ಹೇಳಿದರು. ಪೆಟ್ಟಿಗೆಯೇ ಸುಟ್ಟು ಬೂದಿಯಾಗಿತ್ತು. ಮೀನನ್ನು ಕಂಡವರು ಯಾರು? ಆದರೂ ಅಜ್ಜಿಯನ್ನು ಅವತ್ತೇ ಗೇಟಿನ ಹೊರಗೆ ಹಾಕಿದರು. ಅವಳು ಸಾಯುವವರೆಗೂ ಓಣಿಯಲ್ಲಿ 'ತಳ ಬಿಟ್ಟವಳು' ಆಗಿಯೇ ಉಳಿದಳು.

ಅಮ್ಮನಿಗೆ ಆಗ ಆರು ವರ್ಷ. ಅವಳ ಅಣ್ಣನಿಗೆ, ಅಂದರೆ ನನ್ನ ಮಾವನಿಗೆ, ಹನ್ನೆರಡು. ಮಾವ ಜನ ಆಡಿದ್ದನ್ನೇ ನಂಬಿದ. "ಅವ್ವ ಅವತ್ತು ಜ್ವರದಲ್ಲಿ ಕೆಲಸಕ್ಕೆ ಹೋಗಿದ್ದಳು, ನೋಡದೇ ಹೊಡೆದಿರಬೇಕು," ಎಂದು ದೊಡ್ಡವನಾದ ಮೇಲೂ ಹೇಳಿದ. ಆ ಒಂದು ಮಾತಿಗೆ ಅಮ್ಮ ಅವನ ಮನೆಯ ಹೊಸಿಲು ತುಳಿಯುವುದನ್ನು ಬಿಟ್ಟು ನಲವತ್ತು ವರ್ಷವಾಗಿತ್ತು. "ಮೀನು ಇರೋ ಒಂದೇ ಒಂದು ಪೆಟ್ಟಿಗೆ ಸಿಗಲಿ ಮಗಳೇ," ಎನ್ನುತ್ತಿದ್ದಳು. "ಅದರ ತಳದ ಮೇಲೆ ನಿಮ್ಮ ಮಾವನ್ನ ಹತ್ತಿಸಿ ನಿಲ್ಲಿಸ್ತೀನಿ. ಅವನೇನು ಕಮ್ಮಿ ತೂಕದವನಲ್ಲ."

ಮೀನಿನ ಉಕ್ಕಿನ ಅಚ್ಚು ಅಮ್ಮನ ಗುಂಡಿ ಡಬ್ಬಿಯಲ್ಲಿತ್ತು, ಹೆಬ್ಬೆರಳುದ್ದದ್ದು. ಗೇಟಿನ ಹೊರಗೆ ಹಾಕಿದ ದಿನ ಅಜ್ಜಿ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳಂತೆ. "ಕಾರ್ಖಾನೆ ವಸ್ತು. ಕದ್ದದ್ದು ಅಂತ ಇನ್ನೊಂದು ಹೆಸರು ಬೇಡ. ಯಾರಿಗೂ ಹೇಳಬೇಡ," ಎಂದು ಅಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು. ಹಾಗಾಗಿ ನಾನು ಮೇಷ್ಟ್ರಿಗೂ ಅಚ್ಚಿನ ವಿಷಯ ಹೇಳಲಿಲ್ಲ. ಅಚ್ಚಿನ ಮುಖ ನೋಡಿಕೊಂಡು ಒಂದು ಕಾಗದದ ಮೇಲೆ ಮೀನು ಬರೆದುಕೊಟ್ಟೆ. ಎಡಕ್ಕೆ ಮುಖ, ಬೆನ್ನಿನ ಮೇಲೆ ಮೂರು ಮುಳ್ಳು, ಎರಡು ಸೀಳಿನ ಬಾಲ.

"ನಮ್ಮಜ್ಜಿಯ ಗುರುತು ಇದು ಮೇಷ್ಟ್ರೇ. ಎಲ್ಲಾದರೂ ಕಣ್ಣಿಗೆ ಬಿದ್ದರೆ ಹೇಳಿ," ಎಂದೆ. ಯಾಕೆ ಬೇಕು ಎಂಬುದನ್ನೂ ಹೇಳಿದೆ. ಅಜ್ಜಿ, ಮಾವ, ನಲವತ್ತು ವರ್ಷ, ಎಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕಾಗದವನ್ನು ಮಡಚಿ ಜೇಬಿಗಿಟ್ಟರು.

ಏಳು ವರ್ಷ ಏನೂ ಸಿಗಲಿಲ್ಲ. ಹೋದ ವರ್ಷ ಒಂದು ಭಾನುವಾರ ಅವರೇ ಮನೆಗೆ ಬಂದರು. ಆಟೋದಿಂದ ಗೋಣಿ ಸುತ್ತಿದ ಒಂದು ಪೆಟ್ಟಿಗೆ ಇಳಿಸಿದರು.

"ಕೂತ್ಕೋ ಮೊದಲು. ಆಮೇಲೆ ನೋಡು."

ಗೋಣಿ ಬಿಚ್ಚಿದೆ. ಗೆದ್ದಲು ಅರ್ಧ ತಿಂದ ತಳ, ತುಕ್ಕು ಹಿಡಿದ ಕೀಲು, ಕೊಳೆತ ಹಗ್ಗ. ಹಗ್ಗದ ಪಕ್ಕದಲ್ಲಿ ಮೀನು. ನನ್ನ ಕಾಗದದಲ್ಲಿದ್ದ ಹಾಗೆಯೇ ಎಡಕ್ಕೆ ಮುಖ, ಮೂರು ಮುಳ್ಳು, ಸೀಳು ಬಾಲ. ನಾನು ಅಲ್ಲೇ ಅಂಗಳದಲ್ಲಿ ಕುಕ್ಕರಿಸಿ ಅತ್ತುಬಿಟ್ಟೆ.

"ಅಳೋದು ಆದಮೇಲೆ ಒಂದು ಮಾತು," ಎಂದರು ಮೇಷ್ಟ್ರು. "ಇದನ್ನ ಬಿಡಿಸಿಕೊಳ್ಳೋಕೆ ನಾನು ನನ್ನದೊಂದು ಒಳ್ಳೇ ಪೆಟ್ಟಿಗೆ ಕೊಡಬೇಕಾಯ್ತು. ನಿನ್ನ ಆಸ್ಪತ್ರೆ ಪೆಟ್ಟಿಗೆ ಇದೆಯಲ್ಲ..."

ಆಸ್ಪತ್ರೆ ಪೆಟ್ಟಿಗೆ ನನ್ನ ಸಂಗ್ರಹದ ಕಿರೀಟ. ನೆಲಮಾಳಿಗೆಯಲ್ಲಿ ಮೂಳೆ ಮುರಿದವರಿಗೆ ಕಟ್ಟುವ ಹಲಗೆ ತುಂಬಿಟ್ಟಿದ್ದರು ಅದರಲ್ಲಿ. ಒಲೆಗೆ ಹಾಕಲು ಹೊರಟಾಗ ಕೇಳಿ ತಂದಿದ್ದೆ. ಒಳಗಿನ ತಗಡು ಹಾಗೇ ಇತ್ತು. ಹಗ್ಗದ ಹಿಡಿಗಳು ಅಸಲಿ. ಮುಚ್ಚಳದ ಒಳಗೆ ಯುದ್ಧಕಾಲದಲ್ಲಿ ಗುಂಡು ತುಂಬಿದವಳ ಸಹಿ ಇದ್ದ ಚೀಟಿ ಕೂಡ. ಎರಡು ವರ್ಷ ಹತ್ತಿಯ ಕಡ್ಡಿಯಲ್ಲಿ ಅಂಗುಲ ಅಂಗುಲ ಒರೆಸಿದ್ದೆ. ಮೇಷ್ಟ್ರು ಬಂದಾಗಲೆಲ್ಲ ಅದರ ಮೇಲೆ ಕೈ ಇಟ್ಟುಕೊಂಡೇ ಚಹಾ ಕುಡಿಯುತ್ತಿದ್ದರು.

"ತಗೊಂಡು ಹೋಗಿ," ಎಂದೆ. ಎರಡನೇ ಬಾರಿ ಯೋಚಿಸಲಿಲ್ಲ. ಅದೇ ಆಟೋದಲ್ಲಿ ಅದು ಹೋಯಿತು.

ಮೀನಿನ ಪೆಟ್ಟಿಗೆಗೆ ಮೂರು ತಿಂಗಳು ಹಿಡಿಯಿತು. ಅಕ್ಷರ ಇರುವ ಕಡೆ ಉಪ್ಪುಕಾಗದ ತಾಗಿಸಬಾರದು. ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ ಕೊಳೆ ತೆಗೆಯಬೇಕು. ಕೀಲುಗಳನ್ನು ಎಣ್ಣೆಯಲ್ಲಿ ನೆನೆಸಿ ತಂತಿ ಬ್ರಷ್ಷಿನಲ್ಲಿ ಉಜ್ಜಿದೆ. ತಳಕ್ಕೆ ಎರಡು ಹೊಸ ಪಟ್ಟಿ ಹಾಕಿ ಹಿಂದೆ ನನ್ನ ಹೆಸರು, ವರ್ಷ ಬರೆದೆ. ಕೊನೆಗೆ ಅಗಸೆ ಎಣ್ಣೆ. ಎಣ್ಣೆ ಕುಡಿದ ಮರ ಜೇನಿನ ಬಣ್ಣಕ್ಕೆ ತಿರುಗಿತು. ಆ ಮೂರು ತಿಂಗಳಲ್ಲಿ ಮೇಷ್ಟ್ರು ನಾಲ್ಕು ಸಲ ಬಂದು ಪಕ್ಕದಲ್ಲಿ ಕೂತು ಸಲಹೆ ಕೊಟ್ಟರು. "ಮೀನಿನ ಹತ್ತಿರ ಜಾಸ್ತಿ ಉಜ್ಜಬೇಡ, ಅಲ್ಲಿ ಮರ ಮೆತ್ತಗಿದೆ," ಎಂದು ಪ್ರತಿ ಸಲವೂ ಹೇಳಿದರು. ಎಂಥ ಕಾಳಜಿ ಎಂದುಕೊಂಡಿದ್ದೆ.

ಅಮ್ಮನಿಗೆ ಕಣ್ಣು ಈಗ ಮುಕ್ಕಾಲು ಹೋಗಿದೆ. ಪೆಟ್ಟಿಗೆಯನ್ನು ಅವಳ ಮಂಚದ ಪಕ್ಕ ಇಟ್ಟು, ಕೈ ಹಿಡಿದು ಬೆರಳನ್ನು ಮೀನಿನ ಮೇಲೆ ಇಟ್ಟೆ. ಬೆರಳು ಬಾಲದಿಂದ ಮುಖಕ್ಕೆ ಹೋಯಿತು. ನಿಂತಿತು. ಮತ್ತೆ ಬಾಲಕ್ಕೆ ಬಂತು.

"ಅವ್ವ," ಎಂದಳು. ಅಷ್ಟೇ.

ಮಾರನೇ ದಿನದಿಂದ ಅವಳ ಶಾಲು, ಮಾತ್ರೆ, ಹಲ್ಲಿನ ಸೆಟ್ಟು ಎಲ್ಲ ಆ ಪೆಟ್ಟಿಗೆಗೆ ಸಾಗಿತು. ವಾರ ಕಳೆಯುವುದರೊಳಗೆ ನನ್ನಿಂದ ಫೋನ್ ಹಚ್ಚಿಸಿ, ನಲವತ್ತು ವರ್ಷದ ಮೇಲೆ ಅಣ್ಣನ ಜೊತೆ ಮಾತಾಡಿದಳು. "ಅವ್ವನ ಪೆಟ್ಟಿಗೆ ಸಿಕ್ಕಿದೆ. ತಳ ಕಲ್ಲು ಇದ್ದ ಹಾಗಿದೆ. ಧೈರ್ಯ ಇದ್ರೆ ಬಂದು ಹತ್ತಿ ನಿಲ್ಲು." ಆ ಕಡೆಯಿಂದ ಮಾವ, "ಬರೋ ಭಾನುವಾರ ಬರ್ತೀನಿ" ಎಂದ. "ನನಗೆ ಆ ಮೀನು ಗೊತ್ತು. ಊಟದ ಡಬ್ಬಿ ತಗೊಂಡು ಹೋಗ್ತಿದ್ದವನು ನಾನೇ. ನೋಡಿದ ತಕ್ಷಣ ಹೇಳ್ತೀನಿ."

ಗುರುವಾರ ನನಗೆ ರಜೆ. ಮಾವ ಬರುವುದರೊಳಗೆ ಪೆಟ್ಟಿಗೆಯೊಳಗೆ ಇಡಲು ಒಂದು ಚೀಟಿ ಮಾಡೋಣ, ಅಜ್ಜಿಯ ಹೆಸರು ಬರೆದು ಕೆಳಗೆ ಅವಳದೇ ಅಚ್ಚಿನಲ್ಲಿ ಮೀನು ಒತ್ತೋಣ ಎಂದುಕೊಂಡೆ. ಲಾಂಡ್ರಿಯ ಶಾಯಿ ಸ್ವಲ್ಪ ತಂದಿದ್ದೆ. ಗುಂಡಿ ಡಬ್ಬಿಯಿಂದ ಅಚ್ಚು ತೆಗೆದು, ಶಾಯಿಗೆ ಅದ್ದಿ, ರಟ್ಟಿನ ಮೇಲೆ ಒತ್ತಿ ಎತ್ತಿದೆ.

ಮೀನು ಬಲಕ್ಕೆ ನೋಡುತ್ತಿತ್ತು.

ತಪ್ಪಾಗಿ ಹಿಡಿದೆನೇನೋ ಎಂದು ಮತ್ತೆ ಒತ್ತಿದೆ. ಬಲಕ್ಕೆ. ಆಗ ಹೊಳೆಯಿತು. ಅಚ್ಚಿನಲ್ಲಿ ಎಡಕ್ಕಿದ್ದದ್ದು ಒತ್ತಿದಾಗ ಬಲಕ್ಕೆ ಬರುತ್ತದೆ. ದಿನವೂ ಶೀಟಿಗೆ ಮುದ್ರೆ ಒತ್ತುವ ನನಗೆ ಇದನ್ನು ಯಾರಾದರೂ ಹೇಳಿಕೊಡಬೇಕೇ? ಮುದ್ರೆಯಲ್ಲಿ ವಾರ್ಡಿನ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿರುವುದು ಕಣ್ಣಿಗೆ ಚುಚ್ಚುತ್ತದೆ. ಮೀನಿಗೆ ಎಡವೇನು, ಬಲವೇನು? ಏಳು ವರ್ಷದ ಹಿಂದೆ ಅಚ್ಚಿನ ಮುಖ ನೋಡಿ ಹಾಗೇ ಬರೆದುಕೊಟ್ಟಿದ್ದೆ. ಅಜ್ಜಿ ಹೊಡೆದ ಒಂದೇ ಒಂದು ಪೆಟ್ಟಿಗೆಯ ಮೇಲೂ ಮೀನು ಎಡಕ್ಕೆ ನೋಡಿರಲು ಸಾಧ್ಯವಿಲ್ಲ. ಎಡಕ್ಕೆ ನೋಡುವ ಮೀನು ಈ ಲೋಕದಲ್ಲಿ ಎರಡೇ ಕಡೆ ಇತ್ತು: ಅಚ್ಚಿನ ಮುಖದಲ್ಲಿ, ಮತ್ತು ಮೇಷ್ಟ್ರು ಜೇಬಿಗಿಟ್ಟುಕೊಂಡ ನನ್ನ ಕಾಗದದಲ್ಲಿ.

ಅಮ್ಮ ಪಡಸಾಲೆಯಲ್ಲಿ ರೇಡಿಯೋ ಕೇಳುತ್ತಿದ್ದಳು. ನಾನು ಟಾರ್ಚ್ ತೆಗೆದುಕೊಂಡು ಅವಳ ಕೋಣೆಗೆ ಹೋಗಿ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಮಲಗಿದೆ. ಬೆಳಕನ್ನು ಮರಕ್ಕೆ ಸವರಿದಂತೆ ಅಡ್ಡಡ್ಡ ಹಾಯಿಸಿದರೆ ಉಬ್ಬು ತಗ್ಗು ಎಲ್ಲ ಕಾಣುತ್ತದೆ. ಇದನ್ನೂ ಮೇಷ್ಟ್ರೇ ಕಲಿಸಿದ್ದು. ಮೀನಿನ ಸುತ್ತ ಅಂಗೈಯಗಲ ಜಾಗ ತಟ್ಟೆಯಂತೆ ಒಂದಿಷ್ಟು ತಗ್ಗಾಗಿತ್ತು. ಉಳಿಯಿಂದ ಹೆರೆದು, ಮೇಲೆ ಬಣ್ಣ ಬಳಿದು, ಆಮೇಲೆ ಹೊಡೆದದ್ದು.

ಶುಕ್ರವಾರ ಸಂಜೆ ಕೆಲಸ ಮುಗಿದ ಮೇಲೆ ಯೂನಿಫಾರಂನಲ್ಲೇ ಮೇಷ್ಟ್ರ ಮನೆಗೆ ಹೋದೆ. ಅವರು ಬೆಂಚಿನ ಮುಂದೆ ಕೂತು ಒಂದು ಕೀಲಿಗೆ ಎಣ್ಣೆ ಬಿಡುತ್ತಿದ್ದರು.

"ಏನಮ್ಮ ಇಸ್ತ್ರಿ, ಮುಖ ಯಾಕೆ ಮಡಿಕೆ ಬಿದ್ದಿದೆ?"

ನಾನು ಬೆಂಚಿನ ಮೇಲಿದ್ದ ಪೈನ್ ಮರದ ತುಂಡೊಂದನ್ನು ಎಳೆದುಕೊಂಡು, ಅಚ್ಚು ಇಟ್ಟು, ಅವರದೇ ಸುತ್ತಿಗೆಯಿಂದ ಒಂದು ಏಟು ಹಾಕಿದೆ. ತುಂಡನ್ನು ಅವರ ಕಡೆ ತಳ್ಳಿದೆ. ಅವರು ಕನ್ನಡಕ ಏರಿಸಿ ನೋಡಿದರು. ಮೂವತ್ತು ವರ್ಷ ಮರಗೆಲಸ ಹೇಳಿಕೊಟ್ಟವರಿಗೆ ವಿವರಣೆ ಬೇಕಾಗಲಿಲ್ಲ.

"ಅಚ್ಚು ನಿನ್ನ ಹತ್ತಿರ ಇತ್ತಾ?" ಎಂದರು. ಮೊದಲು ಬಂದ ಮಾತು ಅದು. ನನಗೆ ಇವತ್ತಿಗೂ ಚುಚ್ಚುವುದು ಅದೇ. "ಮೊದಲೇ ಹೇಳಬಾರದಾಗಿತ್ತಾ?"

"ಹೇಳಿದ್ರೆ ಏನ್ಮಾಡ್ತಿದ್ರಿ ಮೇಷ್ಟ್ರೇ? ಸರಿಯಾಗಿ ಮೋಸ ಮಾಡ್ತಿದ್ರಾ?"

"ಮೋಸ ಅಂತೀಯಾ." ಎಣ್ಣೆ ಬಟ್ಟೆಯಿಂದ ಬೆರಳು ಒಂದೊಂದಾಗಿ ಒರೆಸಿಕೊಂಡರು. "ಏಳು ವರ್ಷ ಹುಡುಕಿದೆ ಕಣಮ್ಮ. ಆ ಕಾರ್ಖಾನೆಯ ಪೆಟ್ಟಿಗೆ ಉಳಿದಿರೋದೇ ಬೆರಳೆಣಿಕೆ. ನಿಮ್ಮಮ್ಮನಿಗೆ ಎಷ್ಟು ದಿನ ಇದೆ? ಸಮಾಧಾನದಲ್ಲಿ ಹೋಗಲಿ ಅಂತ..."

"ಹಾಗಾದ್ರೆ ನನ್ನ ಆಸ್ಪತ್ರೆ ಪೆಟ್ಟಿಗೆ ಯಾಕೆ ಬೇಕಿತ್ತು? ಪುಣ್ಯಕ್ಕೆ ಬದಲಿ ಕೇಳೋರನ್ನ ನಾನು ನೋಡಿಲ್ಲ. ಅದನ್ನ ವಾಪಸ್ ಕೊಡಿ."

ಅವರು ಕೀಲಿನ ಕಡೆ ನೋಡಿದರು. "ಅದು ಇಲ್ಲಿಲ್ಲ ಈಗ. ಬೇರೆ ಊರಿನವರೊಬ್ಬರು ಬಹಳ ಕೇಳಿದ್ರು. ಅವರ ಹತ್ತಿರ ನನಗೆ ಬೇಕಾದ ಜೋಡಿ ಪೆಟ್ಟಿಗೆ ಇತ್ತು."

ಗೋಡೆಯ ಕಡೆ ತಿರುಗಿದೆ. ಜೋಡಿ ಅಲ್ಲೇ ಇತ್ತು, ಒಂದರ ಮೇಲೊಂದು. ನನ್ನ ಎರಡು ವರ್ಷ, ಅಜ್ಜಿಯ ಮಾನ, ಅಮ್ಮನ ಬೆರಳು, ಎಲ್ಲ ಸೇರಿ ಆ ಗೋಡೆಯ ಮೂಲೆ ತುಂಬಿಸಿದ್ದವು.

"ಭಾನುವಾರ ಮಾವ ಬರ್ತಾನೆ," ಎಂದೆ. "ಮೀನು ಅವನಿಗೆ ಗೊತ್ತು."

ಅವರ ಮುಖದಲ್ಲಿ ಆಗ ಮೊದಲ ಬಾರಿಗೆ ಗಾಬರಿ ಕಂಡಿತು. ಆದರೆ ಮರುಕ್ಷಣವೇ ಅಚ್ಚಿನ ಮೇಲೆ ಕಣ್ಣು ಬಿತ್ತು. ಧ್ವನಿ ಪಾಠದ ಧ್ವನಿಯಾಯಿತು. "ನೋಡು, ಇನ್ನೂ ಒಂದು ದಿನ ಇದೆ. ಅಚ್ಚು ಇದೆಯಲ್ಲ! ಪೆಟ್ಟಿಗೆ ತಗೊಂಡು ಬಾ. ಅಲ್ಲೇ ಇನ್ನೊಂಚೂರು ಹೆರೆದು, ಇದನ್ನೇ ಹೊಡೆಯೋಣ. ನಿಮ್ಮಜ್ಜಿಯದೇ ಅಚ್ಚು, ಅದೇ ಕಾರ್ಖಾನೆ ಪೆಟ್ಟಿಗೆ. ದೇವರೇ ಬಂದರೂ ಸುಳ್ಳು ಅನ್ನೋಕಾಗಲ್ಲ."

ನಿಜ ಹೇಳಬೇಕೆಂದರೆ ನಾನು ತಕ್ಷಣ ಬೇಡ ಎನ್ನಲಿಲ್ಲ. ಬಸ್ಸಿನಲ್ಲಿ ಕೂತು ಮನೆ ಮುಟ್ಟುವವರೆಗೂ ಅದೇ ಯೋಚನೆ. ಒಂದು ಏಟು. ಮಾವ ಹತ್ತಿ ನಿಲ್ಲುತ್ತಾನೆ, ತಳ ಹಿಡಿಯುತ್ತದೆ, ಅಮ್ಮ ನಗುತ್ತಾಳೆ. ಆದರೆ ಆ ತಳ ಹಿಡಿಯುವುದು ಅಜ್ಜಿ ನೋಡಿ ಹೊಡೆದದ್ದಕ್ಕಲ್ಲ, ನಾನು ಹಾಕಿದ ಎರಡು ಪಟ್ಟಿಯಿಂದ. ನೋಡದೇ ಅಚ್ಚು ಹೊಡೆದಳು ಎಂಬುದೇ ಅಜ್ಜಿಯ ಮೇಲಿನ ಆರೋಪ. ಈಗ ಅವಳ ಅಚ್ಚಿನಿಂದ, ಅವಳು ನೋಡೇ ಇರದ ಪೆಟ್ಟಿಗೆಗೆ ನಾನು ಹೊಡೆದರೆ, ಆ ಮಾತನ್ನು ನಾನೇ ನಿಜ ಮಾಡಿದಂತೆ.

ಶನಿವಾರ ಬೆಳಗ್ಗೆ ಅಮ್ಮನಿಗೆ ತಲೆ ಬಾಚುತ್ತ ಹೇಳಿದೆ. ಕಾಗದ, ಉಳಿ, ಆಸ್ಪತ್ರೆ ಪೆಟ್ಟಿಗೆ, ಒಂದನ್ನೂ ಬಿಡಲಿಲ್ಲ. ಜಡೆ ಹೆಣೆದು ಮುಗಿಸಿದೆ. ಅವಳು ಎಡಗೈಯನ್ನು ಎದೆಯ ಮುಂದೆ ಅಡ್ಡ ಹಿಡಿದಳು.

"ಕೆಲಸ ಹೋಗಿ ಮನೆಯಲ್ಲಿದ್ದಾಗ ಅವ್ವ ಅಚ್ಚಿಗೆ ಮಸಿ ಹಚ್ಚಿ ಇಲ್ಲಿ ಒತ್ತೋಳು. ಮೀನು ಬೆರಳ ಕಡೆ ಈಜೋದು. ತುತ್ತು ಹಿಡಿಯೋಕೆ ಹೋಗ್ತಾ ಇದೆ ನೋಡು ಅನ್ನೋಳು." ಎಂದಳು. "ನೀನು ಪೆಟ್ಟಿಗೆ ತಂದಿಟ್ಟ ದಿನ ಕೈಯಿಟ್ಟಾಗಲೇ ಗೊತ್ತಾಯ್ತು ಮಗಳೇ. ಈ ಪೆಟ್ಟಿಗೆಯ ಮೀನು ಮೊಣಕೈ ಕಡೆ ಈಜ್ತಿತ್ತು."

"ಮತ್ತೆ ಯಾಕಮ್ಮ ಹೇಳಲಿಲ್ಲ?"

"ನನಗೇ ಮರೆತಿದೆ ಅಂದ್ಕೊಂಡೆ. ಅವ್ವನ ವಿಷಯದಲ್ಲಿ ನನ್ನ ಹತ್ತಿರ ಇದ್ದದ್ದು ಇದೊಂದೇ ನೆನಪು. ಅದೂ ಸುಳ್ಳೇನೋ, ಮುದುಕಿಗೆ ಅರುಳು ಮರುಳು ಅಂತ ಇಷ್ಟು ದಿನ ನನ್ನನ್ನೇ ಬೈಕೊಂಡೆ."

ಮೇಷ್ಟ್ರು ನನ್ನಿಂದ ಪೆಟ್ಟಿಗೆ ಕಿತ್ತುಕೊಂಡದ್ದಕ್ಕೆ ಎಂದಾದರೂ ಕ್ಷಮಿಸಿಯೇನು. ಇದಕ್ಕೆ ಆಗುವುದಿಲ್ಲ.

ಅಮ್ಮ ಫೋನ್ ಹಚ್ಚಿಕೊಡು ಎಂದಳು. ಮಾವ ಎತ್ತಿದ.

"ಅಣ್ಣ, ಆ ಪೆಟ್ಟಿಗೆ ಅವ್ವನದಲ್ಲ. ನಮಗೆ ಮೋಸ ಆಯ್ತು."

"ನಾನು ಅವತ್ತೇ ಅಂದ್ಕೊಂಡೆ," ಎಂದ ಮಾವ.

"ನೀನು ಎಲ್ಲವನ್ನೂ ಅವತ್ತೇ ಅಂದ್ಕೊಂಡಿರ್ತೀಯ. ಹತ್ತಿ ನಿಲ್ಲೋಕೆ ಪೆಟ್ಟಿಗೆ ಇಲ್ಲ, ಕೂರೋಕೆ ಕುರ್ಚಿ ಇದೆ. ಬರೋದಾದ್ರೆ ಬಾ." ಇಟ್ಟುಬಿಟ್ಟಳು.

ಭಾನುವಾರ ಒಂದು ಲೋಟ ಚಹಾ ಹೆಚ್ಚು ಮಾಡಿದ್ದೆ. ಮಾವ ಬರಲಿಲ್ಲ. ಸಂಜೆ ಅಮ್ಮ ಶಾಲು, ಮಾತ್ರೆ, ಹಲ್ಲಿನ ಸೆಟ್ಟು ಒಂದೊಂದಾಗಿ ಹೊರಗೆ ತೆಗೆದು ಮಂಚದ ಮೇಲೆ ಜೋಡಿಸಿದಳು. "ತಗೊಂಡು ಹೋಗು ಇದನ್ನ." ನನ್ನ ಗಂಡ ಒಂದು ಕಡೆ, ನಾನೊಂದು ಕಡೆ ಹಿಡಿದೆವು. ಅವತ್ತು ಅವನಿಗೂ ಯಾವ ಜೋಕೂ ಬರಲಿಲ್ಲ. ಎತ್ತುವ ಮೊದಲು ಅಮ್ಮ, "ತಡೀರಿ," ಎಂದು ಬಗ್ಗಿ ಮೀನಿನ ಸುತ್ತ ಬೆರಳಾಡಿಸಿದಳು. ಬಾಲದ ಹಿಂದೆ, ಉಳಿ ತಾಗದೆ ಉಳಿದಿದ್ದ ಅಂಚಿನಲ್ಲಿ, ಅವಳ ಬೆರಳು ನಿಂತಿತು. ನನ್ನ ಟಾರ್ಚಿಗೂ ಅದು ಸಿಕ್ಕಿರಲಿಲ್ಲ.

"ಇಲ್ಲಿ ತೊಟ್ಟಿನ ಹಾಗೆ ಏನೋ ಇದೆ. ಎಲೆಯದು. ಅವ್ವನ ಜೊತೆ ಎಲೆಯವಳು ಒಬ್ಬಳಿದ್ದಳು." ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. "ಅವಳ ಹೆಸರು ಅಳಿಸಿ ನನಗೆ ಕೊಟ್ಟನಾ ಅವನು?"

ಶೆಡ್ಡಿನಲ್ಲಿ ಪೆಟ್ಟಿಗೆ ಮಗುಚಿದೆ. ತಳದಲ್ಲಿ ನನ್ನದೇ ಅಕ್ಷರದ ಎರಡು ಸಾಲು ಇದ್ದವು, ಎರಡು ಹೊಸ ಪಟ್ಟಿಗೆ. ಅವುಗಳ ಕೆಳಗೆ ಮೂರನೆಯದು ಬರೆದೆ: 'ಮೀನು ಹೊಸದು. ಇಲ್ಲಿ ಎಲೆಯ ಗುರುತಿತ್ತು, ತೊಟ್ಟು ಉಳಿದಿದೆ.' ವರ್ಷ ಬರೆದೆ. ಯಾರು ಹೊಡೆದದ್ದು ಎಂಬಲ್ಲಿ ಪೆನ್ಸಿಲ್ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮೇಷ್ಟ್ರ ಪೂರ್ತಿ ಹೆಸರು, ಅವರು ಕಲಿಸಿದ ಹಾಗೆಯೇ, ಒತ್ತಿ ಬರೆದೆ.